ಮದ್ದಿಲ್ಲದ ಒಂದು ತೋಟಾ

ಕಳೆದ ವಾರ ಆಸ್ಪತ್ರೆಯಿಂದ ಪಿನ್ನರ್‌ನ ಮನೆಗೆ ಮರಳುವಾಗ ಟ್ಯೂಬ್ ರೈಲಿನಲ್ಲಿ ನನ್ನ ಪಕ್ಕ ಒಬ್ಬ ಸೈಕಲ್ ರಿಪೇರಿಯವನು ಬಂದು ಕೂತ. ಅಂಗೈಯ ಗೆರೆಗಳಲ್ಲಿ ಕಪ್ಪು ಎಣ್ಣೆ, ಕಾಲ ಬಳಿ ಒಂದು ಚೀಲ, ಚೀಲದೊಳಗೆ ಎಲ್ಲೋ ಕಪ್ಪಾಗಿ ಕರಗಿಹೋದ ಬಾಳೆಹಣ್ಣು. ಎಣ್ಣೆಯೂ ಬಾಳೆಹಣ್ಣೂ ಕಲೆತ ಆ ವಾಸನೆ ಮೂಗಿಗೆ ಹೊಡೆದದ್ದೇ ನನಗೆ ಕೂರಲಾಗಲಿಲ್ಲ. ಒಂದು ಸ್ಟೇಷನ್ ಮೊದಲೇ ಇಳಿದು ಉಳಿದ ದಾರಿಯನ್ನು ನಡೆದೇ ಬಂದೆ. ಪಿಸ್ತೂಲಿನ ನಳಿಗೆ ತೊಳೆಯುವ ದ್ರಾವಣಕ್ಕೆ ಹೆಚ್ಚುಕಡಿಮೆ ಇದೇ ವಾಸನೆ. ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವ ನನಗೆ ಅದು ಹೇಗೆ ಗೊತ್ತು ಎಂದರೆ ಮೌಶಿಯ ವಿಷಯ ಹೇಳಬೇಕಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ನಾನು ಕೆಂಟನ್‌ನಲ್ಲಿ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸತು. ಮೊದಲ ದಿನ ‘ಆಂಟಿ’ ಎಂದು ಕರೆದಾಗ ಅವರು ಮುಖ ಕಿವುಚಿ, ಧಾರವಾಡದ ಕಡೆಯವರನ್ನು ಮೌಶಿ ಅನ್ನಬೇಕು ಎಂದು ತಿದ್ದಿದರು. ಎಪ್ಪತ್ತು ದಾಟಿದ ವಯಸ್ಸು, ಐದಡಿಗೂ ಕಡಿಮೆ ಎತ್ತರ, ಹತ್ತಿ ಸೀರೆಯ ಮೇಲೆ ಗಂಡಸರ ಕಾರ್ಡಿಗನ್. ಮೂವತ್ತು ವರ್ಷಕ್ಕೂ ಮಿಕ್ಕಿ ಇಲ್ಲಿಯ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದವರು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು ಊರಿನ ಇನ್ನೊಂದು ತುದಿಯ ಸಟನ್‌ನಲ್ಲಿ ಇದ್ದಳು. ಇಷ್ಟು ತಿಳಿದುಕೊಂಡು ನಾನು ನೆಮ್ಮದಿಯಿಂದ ಪೆಟ್ಟಿಗೆ ಬಿಚ್ಚಿದ್ದೆ. ಆ ಮನೆಯಲ್ಲಿ ಬಂದೂಕಿದೆ ಎಂದು ಗೊತ್ತಾದದ್ದು ಮೂರನೆಯ ವಾರ. ಪೊಲೀಸ್ ಇಲಾಖೆಯವರೊಬ್ಬರು ಬಂದು ಗ್ಯಾರೇಜಿನಲ್ಲಿ ಬಂದೂಕಿಡುವ ಕಬ್ಬಿಣದ ಕಪಾಟು ಪರೀಕ್ಷಿಸಿ, ಚಹಾ ಕುಡಿದು, ಮೌಶಿಯ ಅವಲಕ್ಕಿಯನ್ನು ಎರಡನೇ ಸಲ ಹಾಕಿಸಿಕೊಂಡು ಹೋದರು.

ಧಾರವಾಡದಲ್ಲಿ ಕಾಲೇಜಿನ ಕೆಡೆಟ್ ಆಗಿದ್ದಾಗ ಮೌಶಿ ಮೊದಲು ಗುರಿ ಹಿಡಿದದ್ದಂತೆ. ಇಲ್ಲಿಗೆ ಬಂದ ಮೇಲೆ ಆಸ್ಪತ್ರೆಯ ಗೆಳತಿಯೊಬ್ಬಳ ಜೊತೆ ಕ್ಲಬ್ಬಿಗೆ ಹೋಗಿ ಪಿಸ್ತೂಲು ಕಲಿತರು, ಪಂದ್ಯಗಳಲ್ಲಿ ಗೆದ್ದರು. ಆಮೇಲೆ, ಒಬ್ಬ ಶಾಲೆಗೆ ನುಗ್ಗಿ ಪಿಸ್ತೂಲಿನಿಂದ ಮಕ್ಕಳನ್ನು ಕೊಂದ ಮೇಲೆ, ದೇಶದಲ್ಲಿ ಪಿಸ್ತೂಲುಗಳನ್ನೇ ನಿಷೇಧಿಸಿದ ಕಾಲ ಬಂತು. ತಮ್ಮ ಎರಡೂ ಪಿಸ್ತೂಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಯ ಸಾಲಿನಲ್ಲಿ ನಿಂತು ಒಪ್ಪಿಸಿ ಬಂದರಂತೆ. ಬೇಸರವಾಗಲಿಲ್ಲವೇ ಎಂದು ಕೇಳಿದ್ದೆ.

“ಮಕ್ಕಳ ಆಪರೇಷನ್ ಥಿಯೇಟರಿನಾಗ ನಿಂತಾಕಿ ನಾ. ಕಾನೂನು ತಪ್ಪು ಅಂತ ಹೆಂಗ ಅನ್ನಲಿ?” ಅಂದರು. ಆಮೇಲೆ, “ಆದರ ಮುಂದ ಒಂದು ವರ್ಷ ಈ ಕೈ ಏನು ಮಾಡಬೇಕೋ ತಿಳೀಲಿಲ್ಲ ನೋಡು” ಎಂದು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡರು.

ಕಾನೂನು ಒಪ್ಪುವ ಒಂದು ವಿಚಿತ್ರ ರಿವಾಲ್ವರ್ ಇತ್ತು. ನಳಿಗೆ ಮೊಳದುದ್ದ, ಹಿಡಿಯ ಹಿಂದೆ ಬಾಲದಂತೆ ಚಾಚಿಕೊಂಡ ಕಬ್ಬಿಣದ ಸರಳು. ಜೇಬಿನಲ್ಲಿ ಬಚ್ಚಿಡಲಾಗದಷ್ಟು ಉದ್ದವಿರಲಿ ಎಂದೇ ಆ ರೂಪ. ಮೌಶಿ ಅದನ್ನು ಕೊಂಡು, ಗಂಡಸರ ಅಂಗೈಗೆ ಮಾಡಿದ ಅದರ ಹಿಡಿಯನ್ನು ಬಿಚ್ಚಿ ಎಸೆದು, ಅಕ್ರೋಟ್ ಮರದ ತುಂಡೊಂದನ್ನು ತಾವೇ ಕೆತ್ತಿ ತಮ್ಮ ಸಣ್ಣ ಕೈಗೆ ಹೊಂದಿಸಿದ್ದರು. ಗುಂಡು ಸಿಡಿಸುವ ಕುದುರೆಯ ಒಳಗಿನ ಉಕ್ಕಿನ ಅಂಚುಗಳನ್ನು ನುಣುಪು ಕಲ್ಲಿನಿಂದ ತೀಡುವುದು ಅವರಿಗೆ ವಾರಗಟ್ಟಲೆಯ ಕೆಲಸ. ಒಂದು ಸಲ ತೀಡುವುದು, ಒರೆಸುವುದು, ಜೋಡಿಸಿ ಬೆರಳಿಟ್ಟು ನೋಡುವುದು, ಮತ್ತೆ ಬಿಚ್ಚುವುದು. ಹೆಚ್ಚಾಗಿ ತೀಡಿದರೆ ಮರಳಿ ಅಂಟಿಸಲು ಬರುವುದಿಲ್ಲವಲ್ಲ ಎನ್ನುತ್ತಿದ್ದರು. ಅವರನ್ನು ನೋಡುತ್ತ ಕೂರುವುದೇ ನನಗೆ ಕಷ್ಟ. ನಾನು ಒಂದು ಕಾಲನ್ನು ಸದಾ ಅಲ್ಲಾಡಿಸುವವಳು, ಕೆಟಲ್ ಕುದಿಯುವುದನ್ನೂ ಕಾಯಲಾರದವಳು. ಬಂದ ಎರಡು ವರ್ಷದಲ್ಲಿ ತಜ್ಞೆಯಾಗುವ ಪರೀಕ್ಷೆಯ ಮೌಖಿಕದಲ್ಲಿ ಎರಡು ಸಲ ಫೇಲಾಗಿದ್ದೆ. ಪರೀಕ್ಷಕರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಶುರು ಮಾಡುತ್ತೇನೆಂಬುದು ಎರಡು ಸಲವೂ ಬಂದ ದೂರು. ಮೂರನೆಯ ಸಲವೂ ಹೋದರೆ ಕೆಲಸದ ಗತಿಯೇನು, ವೀಸಾದ ಗತಿಯೇನು ಎಂಬ ಯೋಚನೆ ನನ್ನನ್ನು ಒಂದೆಡೆ ನಿಲ್ಲಲು ಬಿಡುತ್ತಿರಲಿಲ್ಲ.

ಅದನ್ನು ನೋಡಿಯೇ ಇರಬೇಕು, ಮೌಶಿ ನನ್ನನ್ನು ಗ್ಯಾರೇಜಿಗೆ ಕರೆದು ಕೂರಿಸಿದ್ದು. ಅಂಗಡಿಯ ತೋಟಾಗಳನ್ನು ಅವರು ಪಂದ್ಯಕ್ಕೆ ಒಯ್ಯುತ್ತಿರಲಿಲ್ಲ. ಒಂದೊಂದನ್ನೂ ಕೈಯಿಂದಲೇ ತುಂಬುತ್ತಿದ್ದರು. ಹಿಂದೆ ಹಾರಿಸಿದ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಉಜ್ಜಿ ಹೊಳಪು ಮಾಡಿ, ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ ಕೂರಿಸಿ, ಐವತ್ತು ತೂತುಗಳ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಆಮೇಲೆ ಚಿನ್ನದಂಗಡಿಯಲ್ಲಿರುವಂಥ ತಕ್ಕಡಿಯಲ್ಲಿ ತೂಗಿದ ಮದ್ದನ್ನು ಒಂದೊಂದಕ್ಕೂ ಸುರಿಯುವುದು, ಕೊನೆಗೆ ಸೀಸದ ಗುಂಡನ್ನು ಬಾಯಿಗೆ ಒತ್ತಿ ಕೂರಿಸುವುದು. ಮದ್ದು ಸುರಿಯುವಾಗ ಯಾರೂ ಮಾತಾಡಕೂಡದು. ಬಾಗಿಲು ಬಡಿದರೂ ಫೋನ್ ಬಂದರೂ ಅಷ್ಟನ್ನೂ ಡಬ್ಬಿಗೆ ಮರಳಿ ಸುರಿದು ಮೊದಲಿಂದ ಶುರು ಮಾಡುತ್ತಿದ್ದರು. ಸುರಿದು ಮುಗಿದ ಮೇಲೆ ನನ್ನ ಕೆಲಸ. ಹಲಗೆಯ ಮೇಲೆ ಟಾರ್ಚ್ ಹಿಡಿದು, ಪ್ರತಿ ಕೊಳವೆಯೊಳಗೆ ಇಣುಕಿ, ಮದ್ದು ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿ ಹೇಳಬೇಕು. ಥಿಯೇಟರಿನಲ್ಲಿ ಹೊಲಿಗೆ ಹಾಕುವ ಮೊದಲು, ಒಳಗೇನೂ ಉಳಿಯದಿರಲಿ ಎಂದು, ಹತ್ತಿಯ ಉಂಡೆಗಳನ್ನು ಇಬ್ಬರು ನರ್ಸ್‌ಗಳು ಎಣಿಸುವುದಿಲ್ಲವೇ, ಹಾಗೆ.

ಮೊದಮೊದಲು ನನಗೆ ಬೆನ್ನೆಲ್ಲ ಇರುವೆ ಹರಿದಂತಾಗುತ್ತಿತ್ತು. ಆಮೇಲೆ... ಹೇಗೋ, ತಿಂಗಳುಗಳಲ್ಲಿ, ಐವತ್ತು ತೂತುಗಳನ್ನು ನೋಡಿ ಮುಗಿಸುವವರೆಗೆ ಕಾಲು ಅಲ್ಲಾಡುವುದು ನಿಲ್ಲತೊಡಗಿತು. ಮೂರನೆಯ ಸಲ ಪರೀಕ್ಷೆಗೆ ಕೂತಾಗ ಪ್ರತಿ ಪ್ರಶ್ನೆಯನ್ನೂ ಕೊನೆಯವರೆಗೆ ಕೇಳಿಸಿಕೊಂಡೆ.

ಫಲಿತಾಂಶ ಬರುವ ಶುಕ್ರವಾರ ನನಗೆ ರಜೆಯಿತ್ತು. ಮೌಶಿಗೆ ಭಾನುವಾರ ಪಂದ್ಯ. ಮಧ್ಯಾಹ್ನ ಅವರು ಮದ್ದು ಸುರಿಯುತ್ತ ಕೂತಿದ್ದರು. ನಾನು ಪಕ್ಕದ ಸ್ಟೂಲಿನ ಮೇಲೆ ಫೋನನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಅರ್ಧ ಹಲಗೆ ಆಗಿರಬೇಕು, ನನ್ನಿಂದ ತಡೆಯಲಾಗಲಿಲ್ಲ. “ಮೌಶಿ, ಇಷ್ಟು ಹೊತ್ತಾದರೂ ಬರಲಿಲ್ಲ ಅಂದ್ರೆ ಫೇಲ್ ಅಂತಾನಾ?” ಎಂದು ಕೇಳಿಬಿಟ್ಟೆ. ಅವರ ಕೈ ನಿಂತಿತು. ನಿಯಮದಂತೆ ಅಷ್ಟನ್ನೂ ಮರಳಿ ಸುರಿಯಬೇಕಿತ್ತು. ಅವರು ನನ್ನ ಮುಖ ನೋಡಿದರು, ಹಾಗೇನಿಲ್ಲ, ಬರುತ್ತದೆ ಎಂದರು, ಮತ್ತು ಬಿಟ್ಟಲ್ಲಿಂದಲೇ ಮುಂದುವರಿಸಿದರು. ನನಗೋಸ್ಕರ ಅವರು ತಮ್ಮ ನಿಯಮ ಮುರಿದದ್ದು ಅದೊಂದೇ ಸಲ.

ಮುಗಿದ ಮೇಲೆ ಟಾರ್ಚ್ ಕೊಟ್ಟರು. ನಾನು ಬಲಗೈಯಲ್ಲಿ ಟಾರ್ಚ್, ಎಡಗೈಯಲ್ಲಿ ಫೋನ್ ಹಿಡಿದಿದ್ದೆ. ಬೆಳಕು ಹಲಗೆಯ ಮೇಲೆ ಹರಿಯಿತು. ಕಣ್ಣು ಫೋನಿನ ಮೇಲಿತ್ತು. “ಸರಿಯಾಗಿದೆ ಮೌಶಿ” ಎಂದೆ. ಅವರು ಗುಂಡುಗಳನ್ನು ಕೂರಿಸತೊಡಗಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಈಮೇಲ್ ಬಂತು. ಪಾಸಾಗಿದ್ದೆ. ಆ ಸಂಜೆ ಅವರು ಶಿರಾ ಮಾಡಿದರು, ತುಪ್ಪ ಕೈಗೆಲ್ಲ ಹತ್ತುವಷ್ಟು.

ಭಾನುವಾರ ಅವರ ಜೊತೆ ನಾನೂ ಹೋದೆ. ಸರೆ ಜಿಲ್ಲೆಯ ಅಂಚಿನಲ್ಲಿ ಒಂದು ಹಳೆಯ ಇಟ್ಟಿಗೆಯ ಕಟ್ಟಡ, ಒಳಗೆ ಇಪ್ಪತ್ತೈದು ಮೀಟರ್ ದೂರದ ಗುರಿಫಲಕಗಳು. ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ಗೆರೆಯ ಹಿಂದೆ ನಿಂತಿದ್ದೆ. ಅದು ಗಡಿಯಾರ ಹಿಡಿದು ನಡೆಸುವ ಸುತ್ತು, ಆರು ಗುಂಡುಗಳನ್ನು ಬೇಗಬೇಗ ಹೊಡೆಯಬೇಕು. ಮೂರು ಗುಂಡು ಹೋದವು. ನಾಲ್ಕನೆಯದು ಸಿಡಿಯಲಿಲ್ಲ. ಯಾರೋ ಪುಸ್ತಕ ಮುಚ್ಚಿದಂಥ ಮೆತ್ತನೆಯ ಶಬ್ದ ಬಂತು, ಅಷ್ಟೆ. ಅಭ್ಯಾಸಬಲದಿಂದ ಮೌಶಿಯ ಹೆಬ್ಬೆರಳು ಮುಂದಿನದಕ್ಕೆ ಕುದುರೆ ಎಳೆದಾಗಿತ್ತು. ಅಷ್ಟರಲ್ಲಿ ರೇಂಜಿನ ಉಸ್ತುವಾರಿಯವರು ಗಟ್ಟಿಯಾಗಿ ಸ್ಟಾಪ್ ಎಂದು ಕೂಗಿದರು. ಮೌಶಿಯ ಬೆರಳು ನಿಂತಿತು.

ಉಸ್ತುವಾರಿಯವರು ರಿವಾಲ್ವರನ್ನು ಖಾಲಿ ಮಾಡಿ ನಳಿಗೆಯೊಳಗೆ ಒಂದು ಕಡ್ಡಿ ತೂರಿಸಿದರು. ಅರ್ಧಕ್ಕೇ ಅದು ತಡೆದು ನಿಂತಿತು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ತಳದ ಬಿಲ್ಲೆಯ ಕಿಡಿಯಷ್ಟೇ ಗುಂಡನ್ನು ಅರ್ಧ ದಾರಿಗೆ ತಳ್ಳಿ ಬಿಟ್ಟಿತ್ತು. ಅದರ ಹಿಂದೆ ಇನ್ನೊಂದು ಹಾರಿದ್ದರೆ ನಳಿಗೆ ಸಿಡಿಯುತ್ತಿತ್ತು, ಮೌಶಿಯ ಕೈಯೋ ಕಣ್ಣೋ ಹೋಗುತ್ತಿತ್ತು. ಎಲ್ಲರೂ ಅವರ ಕೈಗಳನ್ನೇ ನೋಡುತ್ತಿದ್ದರು. ಮೌಶಿ ಇಂಗ್ಲಿಷಿನಲ್ಲಿ, ತೋಟಾ ತುಂಬಿದ್ದು ನಾನು, ತಪ್ಪು ನನ್ನದು ಎಂದರು. ನಾನು ಬಾಯಿ ತೆರೆಯಲಿಲ್ಲ. ಕಿವಿಯ ಮಫ್ ತೆಗೆಯುವುದನ್ನೂ ಮರೆತು ನಿಂತಿದ್ದೆ.

ಆಮೇಲಿನದೆಲ್ಲ ಬಹಳ ಸೌಜನ್ಯದಿಂದ ನಡೆಯಿತು. ಕ್ಲಬ್ಬಿನ ಕಾರ್ಯದರ್ಶಿ ಹೂವು ಹಿಡಿದು ಮನೆಗೆ ಬಂದರು. ವಯಸ್ಸಿನ ಮಾತನ್ನು ನೇರವಾಗಿ ಎತ್ತದೆ, ಲೈಸೆನ್ಸ್ ನವೀಕರಣಕ್ಕೆ ಹೇಗೂ ಜಿಪಿಯ, ಅಂದರೆ ಕುಟುಂಬ ವೈದ್ಯರ, ಪತ್ರ ಬೇಕಲ್ಲ, ಒಮ್ಮೆ ತೋರಿಸಿಕೊಳ್ಳಿ ಎಂದರು. ಸಟನ್‌ನಿಂದ ಮಗಳು ಬಂದಳು. ಅವಳು ಒಮ್ಮೆಯೂ ತಾಯಿಯ ಪಂದ್ಯ ನೋಡಿದವಳಲ್ಲ, ಬಂದೂಕು ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಅಮ್ಮನ ನೆನಪು ಕೈಕೊಡುತ್ತಿದೆ ಎಂದು ಅಡುಗೆಮನೆಯಲ್ಲಿ ನನ್ನ ಬಳಿ ಅತ್ತಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದು ಈಗ ಕೇಳಿದರೆ... ಹೊಸ ಕೆಲಸದ ಇಂಟರ್‌ವ್ಯೂ ಹತ್ತಿರದಲ್ಲಿತ್ತು, ಎಚ್ಚರ ತಪ್ಪಿದವಳು ಎಂದು ಅನ್ನಿಸಿಕೊಳ್ಳಲು ಧೈರ್ಯವಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

ಜಿಪಿ ಏನೂ ತೊಂದರೆಯಿಲ್ಲ ಎಂದೇ ಬರೆದುಕೊಟ್ಟರು. ಆದರೂ ಮೌಶಿ ನವೀಕರಣಕ್ಕೆ ಅರ್ಜಿ ಹಾಕಲಿಲ್ಲ. “ಕಾಗದದಾಗ ಸರಿ ಇದ್ದೇನಿ. ನನಗ ನನ್ನ ಮ್ಯಾಲೆ ಭರೋಸಾ ಇಲ್ಲವ್ವಾ” ಅಂದರು. ರಿವಾಲ್ವರ್ ಒಬ್ಬ ಡೀಲರನ ಕೈಸೇರಿತು. ಮದ್ದಿನ ಡಬ್ಬಿಗಳನ್ನು ಕ್ಲಬ್ಬಿನವರು ಬಂದು ಒಯ್ದರು. ನಾನು ಕೆಲಸ ಸಿಕ್ಕಿ ಪಿನ್ನರ್‌ಗೆ ಹೋದೆ. ಕೆಂಟನ್ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಹಬ್ಬಕ್ಕೆ ಹೋಗುತ್ತಿದ್ದೆ, ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡಿ ಎದ್ದು ಬರುತ್ತಿದ್ದೆ. ಪ್ರತಿ ಸಲ ಹೋದಾಗಲೂ ಅವರು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವುದು ಕಾಣುತ್ತಿತ್ತು. ಗ್ಯಾಸ್ ಆರಿಸಿದ್ದನ್ನು ಮತ್ತೆ ಹೋಗಿ ನೋಡುವುದು, ಬೀಗವನ್ನು ಮೂರು ಸಲ ಜಗ್ಗುವುದು, ನನಗೆ ಉಪ್ಪು ಸರಿಯಿದೆಯೇ ಎಂದು ಎರಡೆರಡು ಸಲ ಕೇಳುವುದು. ಅಷ್ಟು ಗಟ್ಟಿಯಾಗಿದ್ದ ಹೆಂಗಸು.

ಮೂರು ವರ್ಷ ಕಳೆದ ಮೇಲೆ ಒಂದು ಶನಿವಾರ ಹೋಗಿ ಹೇಳಿದೆ. ಫೋನ್ ನೋಡುತ್ತಿದ್ದೆ ಮೌಶಿ, ಹಲಗೆ ನೋಡಲೇ ಇಲ್ಲ, ನೋಡದೆ ಸರಿಯಾಗಿದೆ ಅಂದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಗೊತ್ತದ,” ಅಂದರು. “ಬೆಳಕು ಎಷ್ಟು ಲಗೂ ಹರೀತು ಅಂತ ನಾನೂ ನೋಡಿದ್ದೆ. ಸುರಿಯೂದು ನಂದಿತ್ತು, ನೋಡೂದು ನಿಂದಿತ್ತು. ಇಬ್ಬರೂ ತಪ್ಪಿದ್ವಿ.”

ಹಾಗಾದರೆ ಅಂದೇ ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. ಅದು ನೀನು ಹೇಳಬೇಕಾದ ಮಾತಾಗಿತ್ತು ಎಂದರು. ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ.

“ಎಣಿಕಿ ತಪ್ಪಿದ್ದರ ಆವಾಗಲೇ ಹೇಳಬೇಕು, ಕೂಸ. ಹೊಲಿಗಿ ಹಾಕಿದ ಮ್ಯಾಲೆ ಹೇಳಿದರ ಮತ್ತ ಬಿಚ್ಚಬೇಕಾಗತದ. ನೀ ಅವತ್ತ ಎಲ್ಲಾರ ಮುಂದ ಹೇಳಿದ್ದರ ನಾ ಇನ್ನೂ ನಾಕು ವರ್ಷ ಹೊಡೀತಿದ್ದೆ ಏನೋ.”

ಬಯ್ದಿದ್ದರೆ ಸಹಿಸುತ್ತಿದ್ದೆ, ಪರವಾಗಿಲ್ಲ ಬಿಡು ಎಂದಿದ್ದರೆ ಹಗುರಾಗುತ್ತಿದ್ದೆ. ಅವರು ಎರಡೂ ಮಾಡಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ಊಟ ಮಾಡಿ ಹೋಗು ಎಂದು ತಟ್ಟೆ ಹಾಕಿದರು. ಆಮೇಲೆಯೂ ನಾನು ಹೋಗುತ್ತಿದ್ದೆ, ಮೊದಲಿಗಿಂತ ಹೆಚ್ಚಾಗಿಯೇ. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ. ಕೊನೆಯ ಎರಡು ವರ್ಷ ಅವರು ನಿಜವಾಗಿಯೂ ಮರೆಯತೊಡಗಿದರು. ಮಗಳು ಸಟನ್‌ಗೆ ಕರೆದೊಯ್ದಳು. ಒಮ್ಮೆ ನನ್ನನ್ನು ಥಿಯೇಟರಿನ ಹೊಸ ನರ್ಸ್ ಎಂದುಕೊಂಡು ಕೈ ಸರಿಯಾಗಿ ತೊಳೆದೆಯಾ ಎಂದು ಕೇಳಿದರು...

ಈ ಫೆಬ್ರವರಿಯಲ್ಲಿ ಮೌಶಿ ಹೋದರು. ಟ್ಯೂಬ್‌ನಿಂದ ಇಳಿದು ನಡೆದುಕೊಂಡು ಬಂದ ಆ ಸಂಜೆ ಮನೆಯೊಳಗೂ ಕೂರಲಾಗದೆ ಕೋಣೆಯಿಂದ ಕೋಣೆಗೆ ಅಲೆದು, ಕೊನೆಗೆ ಮೌಶಿಯ ಮಗಳಿಗೆ ಫೋನ್ ಮಾಡಿದೆ. ಭಾನುವಾರ ಅವಳ ಮನೆಯಲ್ಲಿ ಭೇಟಿಯಾದೆವು. ತಾಯಿಯ ಕಪಾಟಿನಲ್ಲಿ ಸಿಕ್ಕ ಹಳೆಯ ಫೋಟೋ ತೋರಿಸಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಳು ನೀಳವಾಗಿ ಚಾಚಿ ನಿಂತ ಮೌಶಿ. ಅಮ್ಮನ ಪಂದ್ಯವನ್ನು ನಾನು ಒಂದು ಸಲವಾದರೂ ಹೋಗಿ ನೋಡಬೇಕಿತ್ತು ಎಂದಳು. ಆಮೇಲೆ, ಅವಳಿಗೆ ಅಭ್ಯಾಸವಾದ ಇಂಗ್ಲಿಷಿನಲ್ಲಿ, ಆ ಪಂದ್ಯದ ದಿನದಿಂದಲೇ ಅಲ್ಲವೇ ಅಮ್ಮನ ತಲೆ ಕೆಡಲು ಶುರುವಾದದ್ದು, ಅಂದೇ ನಾನು ಡಾಕ್ಟರ ಬೆನ್ನು ಹತ್ತಬೇಕಿತ್ತು, ತಡ ಮಾಡಿದೆ ಎಂದಳು. ಇಷ್ಟು ವರ್ಷ ಅವಳು ಅದನ್ನು ಹೊತ್ತುಕೊಂಡಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ.

“ಇಲ್ಲ,” ಎಂದೆ. “ಅವತ್ತು ಅವರ ತಲೆ ಸರಿಯಾಗೇ ಇತ್ತು. ಅವರು ಮದ್ದು ಸುರೀತಿದ್ದಾಗ ನಾನು ಮಾತಾಡಿಸಿದೆ. ಆಮೇಲೆ ನೋಡದೇನೇ ಸರಿಯಾಗಿದೆ ಅಂದೆ.”

ಅವಳು ಫೋಟೋವನ್ನು ಮೇಜಿನ ಮೇಲಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತಳು. ಎದ್ದು ಹೋಗಬೇಕೆಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಎದುರಿನ ಕುರ್ಚಿಯಲ್ಲಿ ಮೌಶಿ ಇದ್ದಿದ್ದರೆ ಕೂತಿರು ಎನ್ನುತ್ತಿದ್ದರು. ಅವರಿರಲಿಲ್ಲ. ನಾನೇ ಕೂತಿದ್ದೆ, ಅವಳು ಮುಖ ತಿರುಗಿಸಿ ನನ್ನನ್ನು ನೋಡುವವರೆಗೆ.