ಕಣ್ಣಿಲ್ಲದ ಮೀನಿಗೂ ತುತ್ತು ತಲುಪಿಸಿದಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೀನು ಸಾಕುವ ಸಿಮೆಂಟು ತೊಟ್ಟಿಗಳ ನಡುವಿನ ಜಾರುವ ಹಾದಿಯಲ್ಲಿ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಬಗ್ಗಿ, ಕೈಬಲೆಯಲ್ಲಿ ಒಂದು ಮೀನನ್ನು ಎತ್ತುತ್ತಾರೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಹಿಡಿದು, ಟಾರ್ಚನ್ನು ಓರೆಯಾಗಿ ಬಿಟ್ಟು ಎಡಗಣ್ಣು ನೋಡುತ್ತಾರೆ, ಆಮೇಲೆ ಬಲಗಣ್ಣು. "ಹೋಗಮ್ಮ, ಚೆನ್ನಾಗಿದ್ದೀಯ" ಎಂದು ನೀರಿಗೆ ಬಿಡುತ್ತಾರೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಣ್ಣಕ್ಕ ಎಂದು. ಮೊದಲು ಬರೀ ಅಕ್ಕ ಆಗಿದ್ದರು. ಮೇವು ಹಾಕುವುದು, ತೊಟ್ಟಿ ಉಜ್ಜುವುದು, ಸತ್ತ ಮೀನು ಎತ್ತುವುದು ಅವರ ಕೆಲಸ. ಹೆಸರಿಗೆ ಕಣ್ಣು ಸೇರಿಕೊಂಡದ್ದು ಎರಡು ವರ್ಷದಿಂದೀಚೆಗೆ.

ಆಗ ಮೇವು ಬದಲಾಗಿತ್ತು. ಹೊಸ ಮೇವಿನಲ್ಲಿ ಮೀನಿನ ಪುಡಿ ಕಡಿಮೆ, ಸೋಯಾ ಮತ್ತು ಧಾನ್ಯದ ಹಿಟ್ಟು ಹೆಚ್ಚು. ಕೆಲವು ತಿಂಗಳಲ್ಲಿ ಕೊನೆಯ ತೊಟ್ಟಿಯ ಮೀನುಗಳು ಸೊರಗತೊಡಗಿದವು. ಮೇವು ಮೂತಿಯ ಮುಂದೆಯೇ ಮುಳುಗಿದರೂ ಬಾಯಿ ಹಾಕುತ್ತಿರಲಿಲ್ಲ.

"ಹೊಟ್ಟೆಗೆ ಸಾಲ್ತಿಲ್ಲ ಅನ್ಕೊಂಡು ಇನ್ನಷ್ಟು ಹಾಕ್ದೆ. ತಿನ್ನದೆ ಉಳಿದಿದ್ದೆಲ್ಲ ತಳದಲ್ಲಿ ಕೊಳೀತು. ನೀರು ಕೆಟ್ಟು ಒಂದಷ್ಟು ಸತ್ತೇಹೋದ್ವು. ಕಣ್ಣು ಕಾಣದೋರ ಮುಂದೆ ತಟ್ಟೆ ತುಂಬ ಬಡಿಸಿಟ್ಟು ಎದ್ದುಹೋದ ಹಾಗಾಯ್ತು ನನ್ನ ಕೆಲಸ" ಎನ್ನುವಾಗ ಅವರ ದನಿ ಇಳಿಯುತ್ತದೆ.

ಸತ್ತ ಮೀನುಗಳನ್ನು ಎತ್ತುವಾಗಲೇ ಕಂಡದ್ದು, ಕಣ್ಣಿನ ನಡುವೆ ಹಾಲಿನ ಹನಿಯಂಥ ಬಿಳುಪು. ಅವರ ಅತ್ತೆಗೆ ಪೊರೆ ಬಂದಾಗಲೂ ಥೇಟ್ ಹಾಗೆಯೇ ಇತ್ತು. ವಿಷಯ ತಿಳಿದ ಮಾಲೀಕರು ಮೀನಿನ ವೈದ್ಯೆಯನ್ನು ಕರೆಸಿದರು. ಹುಳುವಿನ ಕಾಟ ಇರಬಹುದೆಂದು ವೈದ್ಯೆ ಕಣ್ಣು ಬಿಡಿಸಿ ನೋಡಿದರು, ಹುಳು ಇರಲಿಲ್ಲ. ಮೇವನ್ನೂ ಮೀನನ್ನೂ ಪರೀಕ್ಷೆಗೆ ಕಳಿಸಿದಾಗ ಉತ್ತರ ಸಿಕ್ಕಿತು: ಮೀನುಗಳಿಗೆ ಸತು, ಅಂದರೆ ಜಿಂಕ್, ಸಾಲುತ್ತಿಲ್ಲ.

"ಮೇವಲ್ಲಿ ಸತು ಸ್ವಲ್ಪ ಇತ್ತು. ಆದ್ರೆ ಕಾಳಿನ ಹಿಟ್ಟಲ್ಲಿರೋ ಒಂದು ಅಂಶ ಅದನ್ನ ಹಿಡ್ಕೊಂಡುಬಿಡುತ್ತೆ, ಮೈಗೆ ಹತ್ತೋಕೆ ಬಿಡಲ್ಲ. ಬೇಕಾಗೋದು ಚೂರೇ ಚೂರು. ಅಷ್ಟೂ ಸಿಗದಿದ್ರೆ ಕಣ್ಣಿನ ಮಸೂರ ತಿಳಿಯಾಗಿ ಉಳಿಯಲ್ಲ" ಎಂದು ವಿವರಿಸುತ್ತಾರೆ ವೈದ್ಯೆ.

ಸತು ಬೆರೆಸಿದ ಮೇವು ಬಂತು. ಮರಿಗಳ ಕಣ್ಣು ಉಳಿಯಿತು. ಪೊರೆ ಕಟ್ಟಿದ್ದ ದೊಡ್ಡ ಮೀನುಗಳ ವಿಷಯ ಮಾತ್ರ ಕೈಮೀರಿತ್ತು.

"ನಮ್ಮತ್ತೆಗೆ ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿದ ತಕ್ಷಣ, ಮೂಲೇಲಿ ಜೇಡರ ಬಲೆ ಇದೆ, ಗುಡಿಸಲ್ವೇನೇ ಅಂದ್ರು!" ಎಂದು ನಗುತ್ತಾರೆ ಕಣ್ಣಕ್ಕ. "ಮೀನಿಗೆ ಯಾರು ಆಪರೇಷನ್ ಮಾಡ್ತಾರೆ?"

ಮಾಲೀಕರು ಆ ತೊಟ್ಟಿ ಖಾಲಿ ಮಾಡಿಸಿ, ಮೀನುಗಳನ್ನು ಗೊಬ್ಬರಕ್ಕೆ ಹಾಕಿಸಲು ಹೊರಟರು. ಕಣ್ಣಕ್ಕ ಅಡ್ಡ ನಿಂತರು.

"ಅಣ್ಣ, ಕಣ್ಣು ಹೋಗಿದೆ, ಜೀವ ಹೋಗಿಲ್ಲ. ಬೆಳೆಯೋವರೆಗೂ ನಂಗೆ ಬಿಡಿ."

"ಕಾಣದೇ ಇರೋವಕ್ಕೆ ತಿನ್ನಿಸೋದು ಹೆಂಗೆ?"

"ಅದು ನನ್ನ ತಲೆನೋವು."

ಅಂದಿನಿಂದ ದಿನಾ ತೊಟ್ಟಿಯ ಅದೇ ಮೂಲೆಯಲ್ಲಿ ಕುಳಿತು, ಗೋಡೆ ತಟ್ಟಿ, ಬೆರಳ ಸಂದಿಯಿಂದ ಮೇವನ್ನು ಒಂದೊಂದಾಗಿ ಉದುರಿಸಿದರು. ವಾರಗಟ್ಟಲೆ ಯಾವ ಮೀನೂ ಬರಲಿಲ್ಲ. ಮೊಣಕಾಲು ಮರಗಟ್ಟಿತು, ಜೊತೆಯವರು ನಕ್ಕರು. ಒಂದು ಮುಂಜಾನೆ ಬೆರಳಿಗೆ ತಣ್ಣನೆಯ ಮೂತಿ ತಾಗಿತು. "ಮೈ ಜುಂ ಅಂತು. ಉಸಿರು ಬಿಟ್ರೆ ಓಡಿಹೋಗುತ್ತೇನೋ ಅಂತ ಉಸಿರೂ ಬಿಡ್ಲಿಲ್ಲ" ಎನ್ನುತ್ತಾರೆ. ಎಲ್ಲವೂ ಬದುಕಲಿಲ್ಲ. ಬದುಕಿದವು ತಡವಾಗಿಯಾದರೂ ಮೈತುಂಬಿಕೊಂಡು ಮಾರುಕಟ್ಟೆಗೆ ಹೋದವು.

ಕೊನೆಗೆ ಅವು ಹೋದದ್ದು ಯಾರದೋ ಊಟಕ್ಕೇ ಅಲ್ಲವೇ, ಇಷ್ಟೆಲ್ಲ ಯಾಕೆ ಮಾಡಿದಿರಿ ಎಂದು ಕೇಳುತ್ತೇನೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಹೌದು, ಊಟಕ್ಕೇ ಹೋದ್ವು. ಆದ್ರೆ ನನ್ನ ಕೈ ಹುಡುಕ್ಕೊಂಡು ಬಂದ ಮೇಲೆ ಅವು ಹಸ್ಕೊಂಡಿರಲಿಲ್ಲ."