ಕುಮ್ ಕೊಟ್ಟ ದಪ್ಪ ಪುಸ್ತಕ

ನಿಶ್ ಊರಿನ ಮಂಚದ ಕಾರ್ಖಾನೆಯಲ್ಲಿ ಸ್ರೇತೆನ್ ಮೀಸೆ ಮೂಡಿದಾಗಿನಿಂದ ಮರದ ಪಟ್ಟಿಗಳಿಗೆ ಕೈಯಲ್ಲೇ ತೂತು ಕೊರೆದವನು. ಈಗ ಕಂಪ್ಯೂಟರ್ ಯಂತ್ರ ಬಂತು. ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟರೆ ಮಾತ್ರ ಅದು ಕೊರೆಯುತ್ತದೆ.

"ಶನಿವಾರ ಒಂದು ಪಟ್ಟಿ ಕೊರೆಸಿ ತೋರಿಸು. ಆಗದಿದ್ರೆ ಯಂತ್ರ ನನ್ನ ಅಳಿಯನಿಗೆ, ಪೊರಕೆ ನಿನಗೆ," ಅಂದ ಮೇಸ್ತ್ರಿ. ಆ ಅಳಿಯನೋ, ಬೂಟಿನ ದಾರ ಕಟ್ಟೋಕೂ ಹೆಂಡತಿ ಬೇಕು!

ಕಲಿಯಲು ಪುಸ್ತಕ ಕೊಟ್ಟವನು ತಾಂತ್ರಿಕ ಶಾಲೆಯ ಮೇಷ್ಟ್ರು ವಿತೊಮಿರ್. ಸ್ರೇತೆನ್ ಮದುವೆಗೆ ಸಾಕ್ಷಿ ನಿಂತವನು, ಅಂದರೆ ಕುಮ್. ಒಮ್ಮೆ ಈ ನಂಟು ಬೆಸೆದರೆ ಇಬ್ಬರೂ ಒಬ್ಬರಿಗೊಬ್ಬರು ಕುಮ್. ದೇವರಿಗಾದರೂ ಇಲ್ಲ ಅನ್ನಬಹುದು, ಕುಮ್‌ಗೆ ಅನ್ನೋ ಹಾಗಿಲ್ಲ.

ಪುಸ್ತಕ ಹಂದಿ ತೊಡೆಯಷ್ಟು ದಪ್ಪ. ಒಂದೇ ಥರದ ತೂತನ್ನು ಸಾಲಾಗಿ ಕೊರೆಸೋದು ಹೇಗೆ ಅಂತ ಹುಡುಕಿದರೆ ಹನ್ನೆರಡನೇ ಅಧ್ಯಾಯ ನೋಡು ಅನ್ನುತ್ತಿತ್ತು. ಹನ್ನೆರಡನೆಯದು ನಾಲ್ಕನೆಯದಕ್ಕೆ ಅಟ್ಟುತ್ತಿತ್ತು. ಯಾವನೋ ಕಚೇರಿ ಗುಮಾಸ್ತನೇ ಬರೆದಿರಬೇಕು, ಹಾಳಾದವನು! ಅದರ ಮೇಲೆ ದಿನಾ ವಿತೊಮಿರನ ಫೋನು: "ಎಲ್ಲಿಗೆ ಬಂತು ಕುಮೇ? ಏನು ಹೇಳುತ್ತೆ? ಬಿಡಿಸಿ ಹೇಳು."

ಗುರುವಾರ ಸ್ರೇತೆನ್ ಕುಮ್‌ಗೆ ಗೊತ್ತಾಗದ ಹಾಗೆ ಕದ್ದುಮುಚ್ಚಿ ಪೆರ್ಸಿದಜ್ಜಿಯ ಹಳೇ ಪುಸ್ತಕದಂಗಡಿಗೆ ನುಗ್ಗಿದ. ಪ್ರತಿ ಪುಸ್ತಕದಲ್ಲೂ ಆ ತೂತಿನ ಸಾಲೊಂದನ್ನೇ ಹುಡುಕಿದ. ಸಿಗದಿದ್ದನ್ನು ಆಚೆ ಎಸೆದ.

"ಮೆಲ್ಲಗೆ ಇಡೋ ಕತ್ತೆ, ಅದೇನು ಸೌದೆಯಾ?" ಗದರಿದಳು ಅಜ್ಜಿ.

ಕೊನೆಗೆ ತೆಳ್ಳನೆಯದೊಂದು ಸಿಕ್ಕಿತು. ಬೇಕಾದ ಪುಟ ತಕ್ಷಣ ಬಂತು. ಮೇಲೆ ಉದಾಹರಣೆ, ಕೆಳಗೆ ಮನುಷ್ಯರು ಆಡುವ ಮಾತು. ಮೇಜಿನ ಮೇಲಿಟ್ಟರೆ ತೆರೆದುಕೊಂಡೇ ಮಲಗಿತು. ಎರಡು ಕೈಯೂ ಯಂತ್ರದ ಮೇಲಿರೋನಿಗೆ ಇನ್ನೇನು ಬೇಕು?

ಅಷ್ಟರಲ್ಲಿ ಅದರ ಮೇಲೆ ಇನ್ನೊಂದು ಕೈ ಬಿತ್ತು. ವಿತೊಮಿರ್!

"ನಿನಗೇನೋ ಕೆಲಸ ಇಲ್ಲಿ?" ಅಂದ ಸ್ರೇತೆನ್.

"ಸೋಮವಾರದಿಂದ ಶಾಲೇಲಿ ನಾನು ಈ ಪೈಥಾನನ್ನೇ ಪಾಠ ಮಾಡಬೇಕಂತೆ ಕುಮೇ. ಆ ದಪ್ಪಂದು ನನ್ನ ತಲೆಗೂ ಇಳೀಲಿಲ್ಲ. ನೀನು ಓದಿ ಹೇಳ್ತೀಯ ಅಂತ ಕೊಟ್ಟೆ."

"ಥೂ ನಿನ್ನ! ಅದಕ್ಕಾ ದಿನಾ ಫೋನು ಮಾಡಿ ಪ್ರಾಣ ಹಿಂಡಿದ್ದು?"

"ಈ ಪುಸ್ತಕ ನನಗೆ ಬಿಡು. ಕುಮ್ ಕೇಳ್ತಿದ್ದೀನಿ."

"ನಾನೂ ಕುಮ್ಮೇ, ನಾನೂ ಕೇಳ್ತಿದ್ದೀನಿ. ಶನಿವಾರ ಮೊದಲು ಬರುತ್ತೋ, ಸೋಮವಾರ ಮೊದಲೋ?"

ವಿತೊಮಿರ್ ಪುಸ್ತಕದ ಮೇಲಿಂದ ಕೈ ತೆಗೆದ.

ಶನಿವಾರ ಯಂತ್ರ ಪಟ್ಟಿಯುದ್ದಕ್ಕೂ ದಾಳಿಂಬೆ ಕಾಳು ಜೋಡಿಸಿದ ಹಾಗೆ ತೂತು ಕೊರೆಯಿತು. ಪೊರಕೆ ಅಳಿಯನ ಪಾಲಾಯಿತು. ಯಾವ ತುದಿ ಹಿಡೀಬೇಕು ಅಂತ ಅವನು ಕೇಳಿದನಂತೆ.

ಭಾನುವಾರ ಸ್ರೇತೆನ್ ತೆಳ್ಳನೆಯದನ್ನು ವಿತೊಮಿರನ ಮನೆಗೆ ಒಯ್ದ. ದಪ್ಪದ್ದನ್ನೂ ಅದರ ಕೆಳಗಿಟ್ಟು ಕೊಟ್ಟ.

"ಅಯ್ಯೋ, ಅದು ನಿನಗೆ ಕೊಟ್ಟ ಉಡುಗೊರೆ!"

"ಬೇಡ ಅನ್ನಬೇಡ. ಕುಮ್ ಕೊಡ್ತಿದ್ದೀನಿ."