ಯಾರೂ ಹಿಡಿಯದ ಆಟಗಾರ

ಗುರುವ, ನಿನ್ನನ್ನು ನಾನು ಕಬಡ್ಡಿ ತಂಡಕ್ಕೆ ಸೇರಿಸಿಕೊಂಡದ್ದು ನಿನ್ನ ಆಟ ನೋಡಿ ಅಲ್ಲ. ನಿನ್ನ ಜಾತಿ ನೋಡಿ. ಅರವತ್ತರ ದಶಕದ ಆ ಮಾತನ್ನು ಈಗ ಹೇಳುತ್ತಿದ್ದೇನೆ — ಹೇಳಲು ಇಷ್ಟು ವರ್ಷ ಬೇಕಾಯಿತು, ಥೂ!

ನೀನು ನಮ್ಮ ಗದ್ದೆಯ ಆಳು. ನಾನು ಆ ಗದ್ದೆಯ ಒಡೆಯರ ಮಗ, ತಂಡದ ನಾಯಕ. ಕೊಯ್ಲು ಮುಗಿದ ಗದ್ದೆಗಳಲ್ಲಿ ಪಂದ್ಯ ನಡೆಯುತ್ತಿದ್ದ ಕಾಲ. ನೀನು 'ಕಬಡ್ಡಿ ಕಬಡ್ಡಿ' ಎನ್ನುತ್ತ ನುಗ್ಗಿದರೆ ಎದುರಿನವರು ಚದುರಿ ಓಡುತ್ತಿದ್ದರು. ಹಿಡಿದರೆ ಮೈಲಿಗೆ — ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿಲ್ಲ. ಓಡುವ ಭರದಲ್ಲಿ ಗೆರೆ ದಾಟಿ ತಾವೇ ಔಟಾಗುತ್ತಿದ್ದರು. ನೀನು ಎದೆಯುಬ್ಬಿಸಿ ವಾಪಸು ಬರುತ್ತಿದ್ದೆ. ಅವರು ಹೆದರಿದ್ದು ನಿನ್ನ ವೇಗಕ್ಕೆ ಎಂದೇ ನೀನು ತಿಳಿದಿದ್ದೆ, ಪಾಪ. ನಾವು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದೆವು.

ನಾವಾದರೂ ಮುಟ್ಟುತ್ತಿದ್ದೆವೇ? ಕೈಕೈ ಹಿಡಿದು ಸರಪಳಿ ಕಟ್ಟುವಾಗ ನಿನ್ನನ್ನು ಮೂಲೆಯಲ್ಲಿ ಒಂಟಿಯಾಗಿ ನಿಲ್ಲಿಸುತ್ತಿದ್ದೆ. ನೀನು ಅದನ್ನೂ ಮರ್ಯಾದೆಯೆಂದೇ ಅಂದುಕೊಂಡೆ. ತಲ್ಲೂರಿನ ಪಂದ್ಯ ಗೆದ್ದಾಗ ಬಹುಮಾನ ಕೊಟ್ಟ ಮೇಷ್ಟ್ರು, ಜಾತಿ ಬಿಟ್ಟು ಆಡುವ ಹುಡುಗರು ಎಂದು ಹೊಗಳಿ ನನ್ನ ಬೆನ್ನು ತಟ್ಟಿದರು. ನಾನು ವಿನಯದ ಮೂರ್ತಿಯ ಹಾಗೆ ತಲೆ ತಗ್ಗಿಸಿ ನಿಂತೆ.

ಆಮೇಲೆ ತೆಕ್ಕಟ್ಟೆಯ ಪಂದ್ಯ. ಅಲ್ಲಿಯ ತಂಡದಲ್ಲಿ ಮೀನುಗಾರರ ಮನೆಯ ಹುಡುಗರು, ಬಲೆ ಎಳೆದ ಕೈಗಳು; ಮೈಲಿಗೆಯ ಗೊಡವೆ ಅವರಿಗಿರಲಿಲ್ಲ. ನೀನು ಒಳಗೆ ಹೋದದ್ದೇ ತಡ, ಒಬ್ಬ ಕಾಲು ಹಿಡಿದ, ಇನ್ನಿಬ್ಬರು ಸೊಂಟ ತಬ್ಬಿ ನೆಲಕ್ಕೆ ಕೆಡವಿದರು. ಪಂದ್ಯ ಹೋಯಿತು. ನೀನೋ — ಮೈತುಂಬ ಮಣ್ಣು, ಮುಖತುಂಬ ನಗು — ನನ್ನ ಹತ್ತಿರ ಓಡಿಬಂದೆ.

"ಹಿಡ್ದ್ರ್ ಒಡ್ಯಾ! ಎಷ್ಟ್ ಗಟ್ಟಿ ಹಿಡ್ದ್ರ್ ಕಾಣಿ!"

ಸೋತ ಸಿಟ್ಟೋ, ನಿನ್ನ ಆ ನಗುವೋ... ಯಾವುದಾದರೇನು. ಎಲ್ಲರೆದುರು ಅಂದುಬಿಟ್ಟೆ:

"ನಿನ್ನನ್ನ ಯಾರೂ ಮುಟ್ಟುದಿಲ್ಲ ಅಂದೇಳಿಯೇ ಸೇರ್ಸ್ಕಂಡದ್ದ್. ನಿಂಗ್ ಆಟ ಬತ್ತ್ ಅಂದೇಳಿ ಎಣ್ಸಿದ್ಯಾ?"

ನಿನ್ನ ನಗು ಆರಿಹೋಯಿತು. ನೀನು ತಂಡದ ಬನಿಯನ್ ಬಿಚ್ಚಿ, ಮಡಚಿ, ನನ್ನಿಂದ ದೂರದಲ್ಲಿ ನೆಲದ ಮೇಲಿಟ್ಟು ನಡೆದುಬಿಟ್ಟೆ. ಅದನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮರುದಿನ ನೀನು ಕೆಲಸಕ್ಕೆ ಬಂದೆ — ಆಟಕ್ಕೆ ಮತ್ತೆಂದೂ ಬರಲಿಲ್ಲ.

ಈಗ ನೀನಿಲ್ಲ. ನಿನಗೆ ಆಟ ಬರುತ್ತಿತ್ತೋ ಇಲ್ಲವೋ, ಸತ್ಯವಾಗಿ ನನಗೆ ಗೊತ್ತಿಲ್ಲ ಗುರುವ. ಗೊತ್ತಾಗಬೇಕಾದರೆ ಯಾರಾದರೂ ನಿನ್ನನ್ನು ಹಿಡಿಯಬೇಕಿತ್ತು. ಹಿಡಿಯುವವರು ಸಿಕ್ಕ ದಿನವೇ ನಾನು ನಿನ್ನ ಆಟ ನಿಲ್ಲಿಸಿದೆ.